ಹಿಂದೆ ನಡೆದವನ ಪಾಲು

1978ರ ಜನವರಿ, ಒಂದು ಬುಧವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಸ್ಥಳ, ಹಿರಿಯೂರಿನಿಂದ ಮಾರಿಕಣಿವೆಗೆ ಹೋಗುವ ರಸ್ತೆಯಿಂದ ಒಂದೂವರೆ ಮೈಲಿ ಒಳಗೆ, ಕುರುಚಲು ಗುಡ್ಡದ ಬುಡದಲ್ಲಿ ಜಾಲಿಮುಳ್ಳು ಬಳಸಿ ಕಟ್ಟಿದ್ದ ಒಂದು ಕುರಿ ರೊಪ್ಪ. ಹಾಜರಿದ್ದವರು: ಹಿರಿಯೂರಿನ ದನದ ಆಸ್ಪತ್ರೆಯ ಕಾಂಪೌಂಡರನಾಗಿದ್ದ ನಾನು, ನಾವೆಲ್ಲ ಸಾಬರೆಂದು ಕರೆಯುತ್ತಿದ್ದ ಅದೇ ಆಸ್ಪತ್ರೆಯ ಜವಾನರು, ಕುರಿಗಳ ಒಡತಿಯಾದ ಒಬ್ಬ ಮುದುಕಿ, ಅವಳ ಇಬ್ಬರು ಗಂಡುಮಕ್ಕಳು, ಕಿರಿಯವನ ಹೆಂಡತಿ. ಇವರಲ್ಲದೆ ನೂರ ನಲವತ್ತಾರು ದೊಡ್ಡ ಕುರಿ, ಹಾಲು ಕುಡಿಯುವ ಮೂವತ್ತೆರಡು ಮರಿ, ಎರಡು ನಾಯಿ, ಒಂದು ಕತ್ತೆ.

ಹೀಗೆ ಶುರು ಮಾಡದಿದ್ದರೆ ನನಗೆ ಬರೆಯಲು ಬರುವುದಿಲ್ಲ. ಮೊದಲು ದಿನ, ಆಮೇಲೆ ಹೊತ್ತು, ಆಮೇಲೆ ಜನ, ಕೊನೆಗೆ ಏನಾಯಿತು ಎಂಬುದು. ಎಂಬತ್ತು ದಾಟಿದ ಮೇಲೂ ಮೊಮ್ಮಕ್ಕಳಿಗೆ ಕಥೆ ಹೇಳುವಾಗ ಹೀಗೇ ಹೇಳುತ್ತೇನೆ. ಅಜ್ಜ ಹಾಜರಿ ತಗಂತಾನೆ ಎಂದು ಅವು ನಗುತ್ತವೆ. ನಗಲಿ.

ಚಿತ್ರದುರ್ಗದ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ ಎಂಟು ವರ್ಷ ಬೆಳೆದವನು ನಾನು. ನಾಲ್ಕೂವರೆಗೆ ಗಂಟೆ, ನಾಲ್ಕೂ ಮುಕ್ಕಾಲಿಗೆ ತಣ್ಣೀರು, ಐದಕ್ಕೆ ಪ್ರಾರ್ಥನೆ, ಐದೂವರೆಗೆ ಓದು. ಊಟಕ್ಕೆ ಕೂತಾಗ ಎಡಗೈ ತೊಡೆಯ ಮೇಲೆ ಇರಬೇಕು, ಕಣ್ಣು ತಟ್ಟೆಯ ಮೇಲೆ ಇರಬೇಕು. ಆ ಎಂಟು ವರ್ಷವೂ ನಾನು ಬಿಡುಗಡೆಯ ಕನಸು ಕಂಡೆ. ಪರೀಕ್ಷೆ ಮುಗಿಸಿ ಹೊಳಲ್ಕೆರೆಯ ನಮ್ಮ ಮನೆಗೆ ಬಂದ ದಿನ, ನಾಳೆ ಎಂಟು ಗಂಟೆಯವರೆಗೆ ಯಾರೂ ನನ್ನನ್ನು ಎಬ್ಬಿಸಕೂಡದು ಎಂದು ಮನೆಯವರಿಗೆಲ್ಲ ಸಾರಿ ಮಲಗಿದೆ. ನಾಲ್ಕೂವರೆಗೆ ಎಚ್ಚರವಾಯಿತು. ಮಗ್ಗುಲು ಬದಲಿಸಿದೆ, ಕಂಬಳಿ ಎಳೆದುಕೊಂಡೆ, ಸ್ವತಂತ್ರನಾಗಿರಲು ಎಷ್ಟು ಕಷ್ಟಪಟ್ಟರೂ ಐದೂವರೆಗಿಂತ ಮುಂದೆ ಆಗಲಿಲ್ಲ. ಕಣ್ಣು ಬಿಟ್ಟುಕೊಂಡು ಬಿದ್ದಿದ್ದ ನನ್ನನ್ನು ನೋಡಿ ಅವ್ವ, ಎಚ್ಚರಾದ ಮೇಲೆ ಸೌದೆ ಒಡೆಯಬಾರದೇ ಎಂದಳು. ಎದ್ದು ಸೌದೆ ಒಡೆದೆ. ಆ ಬೆಳಗಿನಷ್ಟು ನೆಮ್ಮದಿಯಿಂದ ನಾನು ಯಾವತ್ತೂ ಸೌದೆ ಒಡೆದಿಲ್ಲ.

ಆಮೇಲೆ ಸರ್ಕಾರಿ ನೌಕರಿ ಸಿಕ್ಕಿ ನನ್ನ ಸ್ವಾತಂತ್ರ್ಯದ ಚಿಂತೆ ಪೂರ್ತಿ ತಪ್ಪಿತು. ಬೇರೆಯವರಿಗೆ ಆ ಚಿಂತೆ ಇತ್ತು. ತುರ್ತು ಪರಿಸ್ಥಿತಿ ಹಿಂದಿನ ವರ್ಷವಷ್ಟೇ ಮುಗಿದಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುವವರೆಲ್ಲ ಆ ಮಾತೇ ಆಡುತ್ತಿದ್ದರು. ಆ ದಿನಗಳಲ್ಲಿ ಕಚೇರಿಗಳು ಹತ್ತಕ್ಕೆ ಸರಿಯಾಗಿ ಬಾಗಿಲು ತೆರೆಯುತ್ತಿದ್ದವಲ್ಲ ಎಂದು ನಾನೊಮ್ಮೆ ಬಾಯಿಬಿಟ್ಟದ್ದಕ್ಕೆ ಒಂದು ವಾರ ಯಾರೂ ನನ್ನ ಪಕ್ಕ ಕೂರಲಿಲ್ಲ. ನಾನು ಹೇಳಿದ್ದು ಗಡಿಯಾರದ ವಿಷಯ, ಅವರು ಕೇಳಿಸಿಕೊಂಡದ್ದು ಜೈಲಿನ ವಿಷಯ. ಅವರದೇ ಸರಿ ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ.

ಆ ಬುಧವಾರಕ್ಕೆ ನಾಲ್ಕು ದಿನ ಮೊದಲು, ಶನಿವಾರ ಮಧ್ಯಾಹ್ನ, ಆಸ್ಪತ್ರೆಯ ಕಟ್ಟೆಗೆ ಮೂವತ್ತರ ಪ್ರಾಯದ ಒಬ್ಬ ಕುರಿಗಾಹಿ ಬಂದು ಕುಳಿತ. ತಮ್ಮ ಕುರಿಗಳಿಗೆ ಸಿಡುಬಿನ ಸೂಜಿ ಹಾಕಿಕೊಡಬೇಕು, ಬುಧವಾರವೇ ಆಗಬೇಕು ಎಂದ. ಯಾಕೆ ಬುಧವಾರ ಎಂದೆ. ಅಂದೇ ಅಣ್ಣ ತಮ್ಮ ಕುರಿ ಪಾಲು ಮಾಡಿಕೊಳ್ಳುತ್ತೇವೆ, ಪಾಲು ಆದ ಕೂಡಲೇ ತಾನು ಹೊಸದುರ್ಗದ ಕಡೆ ಹೊರಡಬೇಕು ಎಂದು ವಿವರಿಸಿದ. ಅಲ್ಲೊಬ್ಬ ತೆಂಗಿನ ತೋಟದವರು ಇವನ ಮಂದೆಯನ್ನು ಗೊಬ್ಬರಕ್ಕಾಗಿ ತೋಟದಲ್ಲಿ ಒಂದು ತಿಂಗಳು ತಂಗಿಸಲು ಒಪ್ಪಿದ್ದರು. ಅವರದು ಎರಡೇ ಷರತ್ತು: ಕುರಿಗಳಿಗೆ ಸಿಡುಬಿನ ಸೂಜಿ ಆಗಿದೆಯೆಂದು ಆಸ್ಪತ್ರೆಯ ಚೀಟಿ ತರಬೇಕು, ಶುಕ್ರವಾರ ಸಂಜೆಯೊಳಗೆ ಮಂದೆ ತೋಟದಲ್ಲಿರಬೇಕು. ತಪ್ಪಿದರೆ ಬೇರೊಬ್ಬನ ಮಂದೆ ಕಾದು ನಿಂತಿತ್ತು.

ಜೊತೆಯಲ್ಲಿದ್ದುಕೊಂಡೇ ಹೋಗಬಾರದೇ ಎಂದು ಕೇಳಿದೆ. ಅವನು ಕೋಲಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದ.

"ಹನ್ನೆರಡು ವರ್ಷ ಆತು ಡಾಕ್ಟ್ರೆ. ಕುರಿ ಬಾಲ ನೋಡೀನಿ, ಮುಖ ನೋಡಿಲ್ಲ."

ನಾನು ಡಾಕ್ಟರಲ್ಲ, ಕಾಂಪೌಂಡರ್ ಎಂದು ಎಲ್ಲರನ್ನೂ ತಿದ್ದುತ್ತಿದ್ದೆ. ಆ ಹೊತ್ತು ತಿದ್ದಲಿಲ್ಲ. ಅವನ ಮಾತಿನ ಅರ್ಥ ಕುರಿ ಕಾಯುವವರ ನಡುವೆ ಓಡಾಡಿದ್ದ ನನಗೆ ಗೊತ್ತಿತ್ತು. ಮಂದೆ ನಡೆಸುವಾಗ ಹಿರಿಯ ಮುಂದೆ ನಡೆಯುತ್ತಾನೆ. ದಾರಿ ಅವನದು, ಕೂಗು ಅವನದು, ಎಲ್ಲಿ ನಿಲ್ಲಬೇಕು ಎಂಬುದು ಅವನದು. ಕಿರಿಯ ಹಿಂದೆ ನಡೆಯುತ್ತಾನೆ. ಕುಂಟುವುದನ್ನು ಎತ್ತಿಕೊಳ್ಳುವುದು, ಬೇಲಿಗೆ ಬಾಯಿ ಹಾಕಿದ್ದನ್ನು ಅಟ್ಟುವುದು, ಇಡೀ ಮಂದೆಯ ಧೂಳು ಕುಡಿಯುವುದು ಅವನ ಪಾಲು. ಅಣ್ಣ ಪ್ರತಿವರ್ಷ ಜನವರಿಯಲ್ಲಿ ಮಂದೆಯನ್ನು ಧರ್ಮಪುರದ ಕಡೆ, ಶೇಂಗಾ ಕಿತ್ತ ಹೊಲಗಳಿಗೆ ನಡೆಸುತ್ತಿದ್ದ. ಅವರಪ್ಪನೂ ಅಲ್ಲಿಗೇ ನಡೆಸುತ್ತಿದ್ದನಂತೆ. ಬೇರೆ ದಾರಿ ನೋಡೋಣ ಎಂದು ಇವನು ಹನ್ನೆರಡು ವರ್ಷ ಕೇಳಿದ್ದಾನೆ, ಹನ್ನೆರಡು ಸಲವೂ ಧರ್ಮಪುರಕ್ಕೇ ಹೋಗಿದ್ದಾರೆ. ಪಾಲು ಕೇಳಿದಾಗ ಅಣ್ಣ ಒಂದೇ ಮಾತಿನಲ್ಲಿ ಆಗಲಿ ಎಂದಿದ್ದ. ಅವ್ವ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ.

ಅವನು ಇನ್ನೊಂದು ಸಹಾಯ ಕೇಳಿದ. ಅವರಲ್ಲಿ ಕುರಿ ಪಾಲಿಗೆ ಒಂದು ಕಟ್ಟಳೆ ಉಂಟು. ಪಾಲುದಾರರು ರೊಪ್ಪಕ್ಕೆ ಬೆನ್ನು ಮಾಡಿ ಒಂದೇ ಕಂಬಳಿಯ ಮೇಲೆ ಕೂರಬೇಕು, ತಿರುಗಿ ನೋಡಬಾರದು. ಸಂಬಂಧಿಕರಲ್ಲದ ಮೂರನೆಯವರೊಬ್ಬರು ಕುರಿಗಳನ್ನು ಸಂದಿಯಲ್ಲಿ ಒಂದೊಂದಾಗಿ ಬಿಟ್ಟು ಗುರುತು ಹಾಕಬೇಕು. ಕೊಬ್ಬಿದ್ದು ನನಗೆ, ಬಡಕಲು ನಿನಗೆ ಎಂಬ ಮಾತು ಮುಂದೆ ಬರದಿರಲಿ ಎಂದು. ಹೇಗೂ ಸೂಜಿ ಹಾಕಲು ಒಂದೊಂದಾಗಿ ಹಿಡಿಯುತ್ತೀರಿ, ನೀವೇ ಆ ಮೂರನೆಯವರಾಗಿ ಎಂದ. ಇಡೀ ಹಿರಿಯೂರು ತಾಲ್ಲೂಕಿನಲ್ಲಿ ಈ ಕೆಲಸಕ್ಕೆ ನನಗಿಂತ ತಕ್ಕವನಿಲ್ಲ ಎಂದು ನನಗೆ ಒಳಗೊಳಗೇ ಅನ್ನಿಸಿತು. ಒಪ್ಪಿದೆ.

ಬುಧವಾರ ನಾವು ರೊಪ್ಪ ಮುಟ್ಟಿದಾಗ ಕಿರಿಯವನ ಹೆಂಡತಿ ಆಗಲೇ ಕತ್ತೆಯ ಮೇಲೆ ಹಾಸಿಗೆ, ರಾತ್ರಿ ಮಂದೆಯ ಸುತ್ತ ಕಟ್ಟುವ ಬಲೆ, ರಾಗಿ ಚೀಲ ಎಲ್ಲ ಹೇರಿ ಮುಗಿಸಿದ್ದಳು. ಮುದುಕಿ ಹಾಲು ಮರಿಗಳನ್ನು ಕೂಡಿದ್ದ ಸಣ್ಣ ಗೂಡಿನ ಬಾಗಿಲಲ್ಲಿ ಕೂತಿದ್ದಳು. ಬರ್ರಿ, ಕುಂತ್ಕಳ್ರಿ ಎಂದು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಲಸಿಕೆಯನ್ನು ನೀರಿಗೆ ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ನಾನು ನಿಂತೇ ತಿಂದು ಕೆಲಸಕ್ಕಿಳಿದೆ. ಅಣ್ಣ ತಮ್ಮ ಗುಡ್ಡದ ಕಡೆ ಮುಖ ಮಾಡಿ ಒಂದೇ ಕಂಬಳಿಯ ಎರಡು ತುದಿಯಲ್ಲಿ ಕೂತರು. ಅಣ್ಣ ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ನಾನು ಬಂದಾಗ ಕೈಮುಗಿದದ್ದು ಬಿಟ್ಟರೆ ಅಲ್ಲಿಯವರೆಗೆ ಅವನು ಬಾಯಿ ತೆರೆದಿರಲಿಲ್ಲ.

ವ್ಯವಸ್ಥೆ ನನ್ನದು. ರೊಪ್ಪದಲ್ಲಿ ಒಂದು ಕುರಿ ಮಾತ್ರ ನುಗ್ಗುವಷ್ಟು ಸಂದಿ ಬಿಡಿಸಿದೆ. ಹೊರಗೆ ಮುಳ್ಳು ಎಳೆದು ಎರಡು ಅಂಕಣ ಮಾಡಿಸಿದೆ. ಬಟ್ಟೆಗೆ ಹಾಕುವ ನೀಲಿ ಒಂದು ತಟ್ಟೆಯಲ್ಲಿ, ಕೆಂಪು ಜಾಜು ಇನ್ನೊಂದರಲ್ಲಿ. ಕುರಿ ಬಂತು, ಸಾಬರು ಹಿಡಿದರು, ನಾನು ಸೂಜಿ ಚುಚ್ಚಿದೆ, ಸಾಬರು ಬೆನ್ನಿಗೆ ಬಣ್ಣ ಬಳಿದರು. ಒಂದು ನೀಲಿ, ಅಣ್ಣನಿಗೆ. ಒಂದು ಕೆಂಪು, ತಮ್ಮನಿಗೆ. ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ. ಒಂಬತ್ತೂ ಮುಕ್ಕಾಲಿಗೆ ಎಪ್ಪತ್ತಮೂರು ನೀಲಿ, ಎಪ್ಪತ್ತಮೂರು ಕೆಂಪು ಮುಗಿಯಿತು. ಲಸಿಕೆಯೂ ಸರಿಯಾಗಿ ಮುಗಿಯಿತು. ನನ್ನ ನೌಕರಿಯಲ್ಲಿ ಅಷ್ಟು ಚೊಕ್ಕಟವಾದ ಕೆಲಸ ಬೇರೆ ಮಾಡಿರಲಿಲ್ಲ.

ಆಮೇಲೆ ಮರಿಗಳ ಸರದಿ. ಅವಕ್ಕೆ ಸೂಜಿ ಇಲ್ಲ, ಬರೀ ಬಣ್ಣ. ಮುದುಕಿ ಗೂಡಿನ ಬಾಗಿಲು ಸರಿಸಿ ಒಂದೊಂದಾಗಿ ಬಿಡಬೇಕು. ಮೊದಲನೆಯ ಮರಿಗೆ ನೀಲಿ ಬಿದ್ದಾಗ ಅವಳು ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಸೊಂಟದ ಚೀಲದಿಂದ ಒಂದು ಅಡಿಕೆ ಚೂರು ತೆಗೆದು ಬಾಯಿಗೆ ಹಾಕಿಕೊಂಡು ಮುಚ್ಚಿದಳು. ಹದಿನಾರು ನೀಲಿ, ಹದಿನಾರು ಕೆಂಪು. ಮರಿಗಳನ್ನು ಅವವುಗಳ ಬಣ್ಣದ ಅಂಕಣಕ್ಕೆ ಬಿಟ್ಟೆವು. ಪಾಲು ಆಯಿತು, ತಿರುಗಿ ನೋಡಬಹುದು ಎಂದು ನಾನು ಘೋಷಿಸಿದೆ.

ಅವರು ತಿರುಗುವ ಮೊದಲೇ ಕೂಗು ಎದ್ದಿತು. ಮೂವತ್ತೆರಡು ಮರಿಗಳು ಒಟ್ಟಿಗೆ ಅರಚತೊಡಗಿದವು, ಅವಕ್ಕೆ ಉತ್ತರವಾಗಿ ತಾಯಿಕುರಿಗಳು. ನೀಲಿ ಅಂಕಣದ ತಾಯಿಯ ಮರಿ ಕೆಂಪು ಅಂಕಣದಲ್ಲಿತ್ತು. ಕೆಂಪು ತಾಯಿಯದು ನೀಲಿಯಲ್ಲಿತ್ತು. ಹಸಿದ ಮರಿಗಳು ಸಿಕ್ಕ ಸಿಕ್ಕ ಕುರಿಯ ಹೊಟ್ಟೆಯ ಕೆಳಗೆ ನುಗ್ಗುತ್ತಿದ್ದವು, ಅವು ಒದ್ದು ಅಟ್ಟುತ್ತಿದ್ದವು. ಒಂದು ತಾಯಿ ಮುಳ್ಳಿನ ಬೇಲಿಗೇ ಎದೆ ಕೊಟ್ಟು ನಿಂತಿತ್ತು.

ಕುರಿ ಕಾಯುವವರ ಮನೆಯಲ್ಲಿ ಈಗತಾನೇ ನಡೆಯಲು ಕಲಿತವರೂ ಮಾಡದ ತಪ್ಪು ಇದು. ಆದರೆ ಗೊತ್ತಿದ್ದ ಇಬ್ಬರನ್ನು ಕಟ್ಟಳೆ ಬೆನ್ನು ಮಾಡಿ ಕೂರಿಸಿತ್ತು. ಕಿರಿಯವನ ಹೆಂಡತಿ ಕತ್ತೆ ಹಿಡಿದು ದೂರ ನಿಂತಿದ್ದಳು. ಸಾಬರು ಪೇಟೆಯವರು, ಅವರ ಮನೆತನ ತಲೆತಲಾಂತರದಿಂದ ಹಿರಿಯೂರಿನಲ್ಲಿ ಕುದುರೆ ಜೀನು ಹೊಲಿದದ್ದು. ಇನ್ನು ನಾನು. ಕುರಿಯ ಜ್ವರ ನನಗೆ ಗೊತ್ತು, ನಾಡಿ ಗೊತ್ತು, ಎಷ್ಟು ತೂಕಕ್ಕೆ ಎಷ್ಟು ಔಷಧಿ ಎಂಬುದು ಗೊತ್ತು. ಮರಿಗೆ ಒಬ್ಬ ತಾಯಿ ಇರುತ್ತಾಳೆ ಎಂಬುದು ನಮ್ಮ ರಿಜಿಸ್ಟರಿನ ಯಾವ ಕಾಲಮಿನಲ್ಲೂ ಇರಲಿಲ್ಲ.

ಸಾಬರು ಬಣ್ಣದ ಕೈ ಒರೆಸಿಕೊಳ್ಳುತ್ತಾ ಎರಡೂ ಕಡೆ ನೋಡಿದರು.

"ಲೆಕ್ಕ ಸರಿಯಾಗೇ ಐತೆ ಸಾರ್. ಕುರಿಗಳದೇ ತಪ್ಪು."

ನಾನು ಅಲ್ಲಿಯೇ ತಪ್ಪು ಒಪ್ಪಿಕೊಂಡೆ. ಅರ್ಧ ಗಂಟೆ ಕೊಡಿ, ಮೊದಲಿನಿಂದ ಎಣಿಸಿ ಸರಿಮಾಡುತ್ತೇನೆ ಎಂದೆ. ಆಗ ಮುದುಕಿ ಎದ್ದು ಬಂದಳು. ಒಂದು ಸಲ ಬಣ್ಣ ಬಿದ್ದ ಮೇಲೆ ಆ ದಿನ ಮತ್ತೆ ಎಣಿಸುವ ಹಾಗಿಲ್ಲ, ಎಣಿಸಿದರೆ ಮಂದೆ ಏಳಿಗೆಯಾಗುವುದಿಲ್ಲ, ಇನ್ನು ಮುಂದಿನ ಬುಧವಾರವೇ ಎಂದಳು. ಅಣ್ಣ ತಲೆಯಾಡಿಸಿದ. ಕಟ್ಟಳೆ ಹಾಗೇ ಇದ್ದದ್ದು ನಿಜವಿರಬೇಕು.

ಕಿರಿಯವನ ಮುಖ ಬಿಳಿಚಿತು. "ಮುಂದಿನ ಬುಧವಾರ ಅಂದ್ರೆ ತೋಟ ಹೋತು ಅವ್ವ."

"ಹೋದ್ರೆ ಹೋಗ್ಲಿ ತಗೋ. ಧರ್ಮಪುರದಾಗೆ ಹೊಲ ಎಲ್ಲಿಗೂ ಓಡಿಹೋಗಿಲ್ಲ."

ಹಾಗೆಂದು ಅವಳು ನೆರಳಿಗೆ ಹೋಗಿ ಕೂತಳು. ಸಾಬರು ಅವಳ ಪಕ್ಕ ಕೂತು ಬೀಡಿ ಹಚ್ಚಿದರು. ವಯಸ್ಸಾದವರ ಜೊತೆ ಅವರಿಗೆ ಸಲಿಗೆ ಬೇಗ ಬೆಳೆಯುತ್ತಿತ್ತು.

"ಅಜ್ಜೀ, ಮೊದಲನೇ ಮರಿಗೇ ನಿಂಗೆ ಗೊತ್ತಾಗಿತ್ತಲ್ಲ?"

"ಗೊತ್ತಾಗದೆ ಏನಪ್ಪ ಸಾಬಣ್ಣ. ಹುಟ್ಟಿದಾಗ್ಲಿಂದ ಕುರಿ ಕಾದೀನಿ."

"ಮತ್ತೆ ಹೇಳಬಾರ್ದಾ?"

"ಓದಿದೋರು ಎಣಿಸ್ತಿದ್ರು. ನಡುವೆ ಮಾತಾಡಿದ್ರೆ ಲೆಕ್ಕ ತಪ್ಪೋಗಲ್ವಾ?"

ನನಗೆ ಸಿಟ್ಟು ಬರಬೇಕಾಗಿತ್ತು, ನಗು ಬಂತು. ಇಪ್ಪತ್ತು ವರ್ಷ ನಾನು ಮೇಲಧಿಕಾರಿಗಳ ಎದುರು ಇದೇ ಉಪಾಯ ಮಾಡಿದ್ದೆ. ಬೇಡವಾದ ಕೆಲಸವನ್ನು ತಡೆಯಲು ವಿರೋಧಿಸಬೇಕಾಗಿಲ್ಲ, ಮಾಡುವವನನ್ನು ಅವನ ಪಾಡಿಗೆ ಬಿಟ್ಟರೆ ಸಾಕು. ಅಂದು ನನಗೆ ಹೊಳೆದದ್ದು ಇನ್ನೊಂದು. ಅಲ್ಲಿದ್ದ ಎಲ್ಲರಿಗೂ ಸ್ವಾತಂತ್ರ್ಯ ಬೇಕಾಗಿತ್ತು. ಕಿರಿಯವನಿಗೆ ಮುಂದೆ ನಡೆಯುವ ಸ್ವಾತಂತ್ರ್ಯ. ಅಣ್ಣನಿಗೆ ಅಪ್ಪನ ದಾರಿಯಲ್ಲೇ ನಡೆಯುವ ಸ್ವಾತಂತ್ರ್ಯ. ಮುದುಕಿಗೆ ಇಬ್ಬರು ಮಕ್ಕಳನ್ನೂ ಕಣ್ಣಳತೆಯಲ್ಲಿ ಇಟ್ಟುಕೊಳ್ಳುವ ಸ್ವಾತಂತ್ರ್ಯ. ಒಬ್ಬರದು ಇನ್ನೊಬ್ಬರ ಕಾಲಿಗೆ ತೊಡರುತ್ತಿತ್ತು. ನನಗೆ ಬೇಕಾಗಿದ್ದದ್ದು ಹನ್ನೆರಡೂ ಕಾಲಿನ ಬಸ್ಸು.

ಕಿರಿಯವನು ಜಗಳವಾಡಲಿಲ್ಲ. ಕಂಬಳಿಯ ತನ್ನ ತುದಿಗೇ ಹೋಗಿ ಕೂತು ಸೂರ್ಯನನ್ನು ನೋಡುತ್ತಿದ್ದ. ಬಿಸಿಲು ಏರಿತು. ಮರಿಗಳ ಕೂಗು ಒಂದು ಕ್ಷಣವೂ ನಿಲ್ಲಲಿಲ್ಲ. ಅವನ ಹೆಂಡತಿ ಮಾತ್ರ ಬೆಳಿಗ್ಗೆ ನಿಂತ ಜಾಗದಲ್ಲೇ ನಿಂತಿದ್ದಳು, ಒಂದು ಕೈಯಲ್ಲಿ ಕತ್ತೆಯ ಹಗ್ಗ, ತಲೆಯ ಮೇಲೆ ಮೂರು ಗಡಿಗೆ. ಪಾಲು ಆಯಿತು ಎಂದು ನಾನು ಕೂಗಿದ ಕೂಡಲೇ ಹೊತ್ತವಳು, ಇಳಿಸಿರಲಿಲ್ಲ.

ಮುದುಕಿ ಅವಳನ್ನು ಕರೆದು ಗಡಿಗೆ ಇಳಿಸು ಎಂದಳು. ಇರಲಿ ಅತ್ತೆ ಎಂದಳು ಸೊಸೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದಳು, ಅದೇ ಉತ್ತರ. ಮೂರನೆಯ ಸಲ ಮುದುಕಿ ದನಿ ಏರಿಸಿದಳು.

"ಕತ್ತು ಬಿದ್ದೋಗ್ತೈತೆ ಕಣೇ, ಇಳ್ಸು."

"ಇಳ್ಸಿದ್ರೆ ಮತ್ತೆ ಹೊರಿಸೋರು ಯಾರತ್ತೆ?"

ಅವಳ ದನಿಯಲ್ಲಿ ಅಳುವಾಗಲಿ ಸವಾಲಾಗಲಿ ಇರಲಿಲ್ಲ, ಹೊತ್ತೆಷ್ಟಾಯಿತು ಎಂದು ಕೇಳಿದ ಹಾಗಿತ್ತು. ಮುದುಕಿ ಆ ಮೂರು ಗಡಿಗೆಗಳತ್ತ ನೋಡಿದಳು. ಆಮೇಲೆ ಬಾಯಲ್ಲಿದ್ದ ಅಡಿಕೆಯನ್ನು ಉಗುಳಿ ನಕ್ಕಳು. ಆ ನಗು ಯಾಕೆಂದು ನಮಗೆ ಅವಳೇ ಹೇಳಿದಳು. ಮದುವೆಯಾಗಿ ಎರಡನೆಯ ವರ್ಷ ಅವಳೂ ಅವಳ ಗಂಡನೂ ಹೀಗೇ ಬೇರೆಯಾಗಲು ಹೊರಟಿದ್ದರಂತೆ. ಮಾವ ಒಪ್ಪಿರಲಿಲ್ಲ. ಅವಳು ರೊಪ್ಪದ ಬಾಗಿಲಲ್ಲಿ ಗಂಟು ಹೊತ್ತು ನಿಂತುಬಿಟ್ಟಳಂತೆ, ಕೊನೆಗೆ ಮಾವನೇ ಸೋತನಂತೆ. ಧರ್ಮಪುರದ ದಾರಿ ಹುಟ್ಟಿದ್ದೇ ಹಾಗೆ. ಅದಕ್ಕೆ ಮೊದಲು ಆ ಮನೆಯ ಮಂದೆ ಧರ್ಮಪುರದ ಮುಖ ನೋಡಿರಲಿಲ್ಲ. ಅಣ್ಣ ತಲೆ ಎತ್ತಿ ಅವ್ವನನ್ನು ನೋಡಿದ. ಅಪ್ಪನ ದಾರಿಯೂ ಯಾರಿಂದಲೋ ಬಿಡಿಸಿಕೊಂಡದ್ದು ಎಂದು ಅವನಿಗೂ ಅಂದೇ ಗೊತ್ತಾದದ್ದು ಎಂದು ಕಾಣುತ್ತದೆ.

"ನಾನೂ ಇಷ್ಟೊತ್ತು ನಿಂತಿರ್ಲಿಲ್ಲ," ಎಂದಳು ಮುದುಕಿ. ಮೊಣಕಾಲು ಹಿಡಿದು ಎದ್ದಳು. "ಡಾಕ್ಟ್ರೆ, ಎಣಿಸಂಗಿಲ್ಲ ಅಂದೆ ಅಷ್ಟೆ. ನಡುವಿನ ಮುಳ್ಳು ತೆಗೀರಿ. ಮರಿ ತಾವೇ ಹೋಗ್ತಾವೆ. ಯಾವ ತಾಯಿ ಹತ್ರ ಹೋದ್ವೋ ಆ ಪಾಲು."

ಕಟ್ಟಳೆಯನ್ನು ಹೇಳಿದವಳಿಗೆ ಅದರ ಹಿಂಬಾಗಿಲೂ ಗೊತ್ತಿತ್ತು. ಬೆಳಿಗ್ಗೆಯೇ ಗೊತ್ತಿತ್ತು.

ನಾವು ಮುಳ್ಳು ಎಳೆದೆವು. ಎರಡು ಅಂಕಣ ಒಂದಾಯಿತು. ಮೊದಲು ಗಲಾಟೆ ಇಮ್ಮಡಿಯಾಯಿತು. ಆಮೇಲೆ ಒಂದು ಮರಿಯ ದನಿ ನಿಂತಿತು, ಇನ್ನೊಂದರದು ನಿಂತಿತು. ಕಾಲು ಗಂಟೆ ಆಗಿರಲಿಲ್ಲ, ಇಡೀ ಗುಡ್ಡ ಸುಮ್ಮನಾಯಿತು. ಮೂವತ್ತೆರಡು ಮರಿಗಳು ಮುಂಗಾಲು ಮಡಿಸಿ ಬಾಲ ಬಡಿಯುತ್ತಾ ಹಾಲು ಕುಡಿಯುತ್ತಿದ್ದವು. ಒಂದೇ ಒಂದು ಮರಿಯೂ ತಪ್ಪು ತಾಯಿಯ ಬಳಿ ಹೋಗಿರಲಿಲ್ಲ. ಮರಿ ಬಣ್ಣ ನೋಡಲಿಲ್ಲ, ಮೂತಿ ಚಾಚಿ ವಾಸನೆ ನೋಡಿತು, ಮುಗಿಯಿತು. ಎರಡು ಗಂಟೆ ಬೆವರಿಳಿಸಿ ನಾನು ಕೆಡಿಸಿದ್ದನ್ನು ಅವು ಹದಿನೈದು ನಿಮಿಷದಲ್ಲಿ ಸರಿಮಾಡಿದವು.

ಬೇರೆ ಬಣ್ಣದ ತಾಯಿ ಸಿಕ್ಕ ಮರಿಗಳಿಗೆ ಆ ಬಣ್ಣವನ್ನೂ ಬಳಿಯಬೇಕಾಯಿತು. ಅರ್ಧ ನೀಲಿ ಅರ್ಧ ಕೆಂಪಾದ ಒಂದು ಮರಿಯನ್ನು ಸಾಬರು ಎತ್ತಿ ತೋರಿಸಿ, ಇದು ಪಕ್ಷ ಬದಲಾಯಿಸಿತು ಸಾರ್, ಎಲೆಕ್ಷನ್ ಹತ್ರ ಬಂತು ನೋಡ್ರಿ ಎಂದರು. ಮೊದಲ ಬಾರಿಗೆ ಅಣ್ಣ ನಕ್ಕ. ನೀಲಿ ತಾಯಿಗಳಿಗೆ ಹತ್ತೊಂಬತ್ತು ಮರಿ, ಕೆಂಪಿಗೆ ಹದಿಮೂರು ಬಂದಿದ್ದವು. ಮರಿ ಸಮೇತ ಎರಡು ತಾಯಿಕುರಿ ಬಿಟ್ಟುಕೊಡುತ್ತೇನೆ ಎಂದು ಅಣ್ಣ ಅಂದ. ಬೇಡ ಅಣ್ಣ, ಇವೇ ಸಾಕು ಎಂದ ತಮ್ಮ.

ಉಣ್ಣದೆ ಯಾರೂ ಹೊರಡಬಾರದೆಂದು ಮುದುಕಿ ಮುದ್ದೆ, ಹುರುಳಿ ಸಾರು ಬಡಿಸಿದಳು. ಸೊಸೆಯ ತಲೆಯಿಂದ ಗಡಿಗೆಗಳನ್ನು ತಾನೇ ಇಳಿಸಿ, ಉಂಡ ಮೇಲೆ ತಾನೇ ಹೊರಿಸಿದಳು. ನನ್ನ ಬಸ್ಸು ಹೋಗಿತ್ತು. ಅಷ್ಟು ನಿಧಾನವಾಗಿ ನಾನು ಎಷ್ಟೋ ವರ್ಷದಿಂದ ಉಂಡಿರಲಿಲ್ಲ.

ಊಟವಾದ ಮೇಲೆ ಚೀಟಿ ಬರೆಯಲು ಕೂತೆ. ಕುರಿಗಳ ಸಂಖ್ಯೆ, ಲಸಿಕೆಯ ಹೆಸರು, ದಿನ. ಮಾಲೀಕರ ಹೆಸರು ಎಂಬಲ್ಲಿಗೆ ಬಂದು ಕಿರಿಯವನ ಹೆಸರು ಕೇಳಿದೆ. ಹೇಳಿದ. ಬರೆದೆ. ಅವನು ಬಗ್ಗಿ ನೋಡಿದ. ಓದಲು ಬರುತ್ತಿರಲಿಲ್ಲ, ಆದರೂ ಎಷ್ಟು ಗಿಡ್ಡವಾಗಿದೆ ಎಂಬುದು ಕಂಡಿರಬೇಕು.

"ಒಂದೇ ಹೆಸ್ರಾ? ಅಣ್ಣಂದು ಬ್ಯಾಡ್ವಾ?"

ಬೇಡ, ಕುರಿ ನಿನ್ನವು ಎಂದೆ. ಅವನು ಚೀಟಿ ತೆಗೆದುಕೊಂಡು ರುಮಾಲಿನ ಮಡಿಕೆಯಲ್ಲಿ ಇಟ್ಟುಕೊಂಡ. ಬೆಳಿಗ್ಗೆ ತೋಟ ಹೋಯಿತು ಎಂದಾಗ ಇದ್ದದ್ದಕ್ಕಿಂತ ಹೆಚ್ಚು ಹೆದರಿದ ಹಾಗೆ ಕಂಡ. ಬೇಕು ಬೇಕು ಎಂದದ್ದು ಕೈಗೆ ಬಂದಾಗ ಮನುಷ್ಯನ ಮುಖ ಹೀಗಾಗುವುದನ್ನು ನಾನು ಆಮೇಲೆ ಮದುವೆ ಮನೆಗಳಲ್ಲಿ, ಬಡ್ತಿಯ ಆದೇಶ ಓದುವಾಗ, ನಿವೃತ್ತಿಯ ದಿನ ಕನ್ನಡಿಯಲ್ಲಿ ನೋಡಿದ್ದೇನೆ. ಸೂಜಿ ಬಿದ್ದ ಕುರಿ, ಇವತ್ತು ಮೂರು ಮೈಲಿಗಿಂತ ಹೆಚ್ಚು ನಡೆಸಬೇಡ ಎಂದು ಎಚ್ಚರಿಸಿ ಕಳಿಸಿದೆ.

ಎರಡೂ ಕಾಲಿಗೆ ಅವನು ಕೆಂಪು ಮಂದೆಯ ಮುಂದೆ ಹೋಗಿ ನಿಂತ. ಹೆಂಡತಿ ಕತ್ತೆ ಹಿಡಿದು ಪಕ್ಕಕ್ಕೆ ನಿಂತಳು. ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟುಕೊಂಡು, ನಾಲಿಗೆ ಲೊಚಗುಟ್ಟಿ, ಉದ್ದನೆಯ ಒಂದು ಕೂಗು ಹಾಕಿ ನಡೆದ. ಇಪ್ಪತ್ತು ಹೆಜ್ಜೆ ನಡೆದು ತಿರುಗಿ ನೋಡಿದರೆ ಒಂದು ಕುರಿಯೂ ಅಲುಗಿರಲಿಲ್ಲ. ವಾಪಸ್ಸು ಬಂದು ಮತ್ತೆ ಕೂಗಿದ. ಎಪ್ಪತ್ತಮೂರು ಕುರಿಯೂ ಕತ್ತು ತಿರುಗಿಸಿ ಅವನ ಅಣ್ಣನನ್ನು ನೋಡಿದವು. ಹನ್ನೆರಡು ವರ್ಷ ಅವು ಮುಂದಿನಿಂದ ಕೇಳಿದ್ದ ದನಿ ಅದಾಗಿರಲಿಲ್ಲ. ಈ ದನಿ ಹಿಂದಿನಿಂದ ಬೈಯುವ ದನಿ.

ಮೂರನೆಯ ಸಲ ಕೂಗಿದಾಗ ಗಂಟಲು ಒಡೆಯಿತು. ನಾನು ಚೀಟಿ ಬರೆದುಕೊಟ್ಟಿದ್ದೆ, ಪಾಲು ಆಗಿತ್ತು, ತೋಟ ಕಾಯುತ್ತಿತ್ತು. ಕುರಿಗಳಿಗೆ ಮಾತ್ರ ಅದು ಯಾವುದೂ ತಿಳಿದಿರಲಿಲ್ಲ. ಅಣ್ಣ ಸುಮ್ಮನೆ ಕೂತಿದ್ದರೆ ಸಾಕಾಗಿತ್ತು. ಏನೂ ಮಾಡದೆ ಗೆಲ್ಲಬಹುದಾಗಿತ್ತು. ಅವನು ನೆಲ ನೋಡುತ್ತಾ ಕೂತೇ ಇದ್ದ. ಮುದುಕಿಯೂ ಬಾಯಿ ಬಿಡಲಿಲ್ಲ. ಈ ಸಲ ಅವಳ ಬಾಯಲ್ಲಿ ಅಡಿಕೆ ಇರಲಿಲ್ಲ.

ಕೊನೆಗೆ ಅಣ್ಣ ಎದ್ದು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ಕೆಂಪು ಮಂದೆಯ ಮುಂದೆ ಹೋಗಿ ತಮ್ಮನ ಪಕ್ಕದಲ್ಲಿ ನಿಂತ.

"ಗಂಟಲಿಂದ ಅಲ್ಲ ಕಣ್ಲೇ ತಮ್ಮ. ಹೊಟ್ಟೆಯಿಂದ ಕೂಗು. ಹೋಗಾಣ ನಡಿ."

ಹಾಗೆಂದು ಅಣ್ಣ ತಾನೇ ಕೂಗಿದ. ಮಂದೆ ಒಂದೇ ಸಲಕ್ಕೆ ಎದ್ದು ನಡೆಯಿತು. ಅಣ್ಣ ಒಂದು ಕೂಗು, ತಮ್ಮ ಒಂದು ಕೂಗು, ಹೀಗೆ ಇಬ್ಬರೂ ಸರದಿಯ ಮೇಲೆ ಕೂಗುತ್ತಾ ಇಳಿಜಾರಿನಲ್ಲಿ ಇಳಿದರು. ಸಾಬರೂ ನಾನೂ ರಸ್ತೆಯ ಕಡೆಗೇ ಹೋಗಬೇಕಾಗಿದ್ದರಿಂದ ಸ್ವಲ್ಪ ದೂರದಲ್ಲಿ ಬರುತ್ತಿದ್ದೆವು. ಅರ್ಧ ಮೈಲಿಯಲ್ಲಿ ಅಣ್ಣನ ಕೂಗು ಕಡಿಮೆಯಾಯಿತು, ಎರಡಕ್ಕೆ ಒಂದು, ಮೂರಕ್ಕೆ ಒಂದು. ಆಮೇಲೆ ಅವನು ಒಂದು ಹೆಜ್ಜೆ ಹಿಂದೆ ಬಿದ್ದ. ಇನ್ನೊಂದು ಹೆಜ್ಜೆ. ಕುರಿಗಳು ಅವನ ಎಡಬಲದಿಂದ ಮುಂದೆ ಸಾಗುತ್ತಿದ್ದವು. ತಮ್ಮ ತಿರುಗಿ ನೋಡಲಿಲ್ಲ. ನೋಡಬಾರದು ಎಂದು ಅವನಿಗೆ ಗೊತ್ತಿತ್ತು. ನಾಲೆಯ ಸೇತುವೆಯ ಹತ್ತಿರ ಬರುವಷ್ಟರಲ್ಲಿ ಅಣ್ಣ ಮಂದೆಯ ಹಿಂದೆ ಇದ್ದ. ಬೇಲಿಗೆ ಬಾಯಿ ಹಾಕಿದ ಒಂದು ಕುರಿಯನ್ನು ಅಟ್ಟಿದ, ಹಿಂದುಳಿದ ಒಂದು ಮರಿಯನ್ನು ಎತ್ತಿ ಸೇತುವೆ ದಾಟಿಸಿ ತಮ್ಮನ ಹೆಂಡತಿಯ ಕೈಗೆ ಕೊಟ್ಟ. ಅಲ್ಲೇ ನಿಂತ. ಮುಂದಿನ ಕೂಗು ಒಂದೇ ದನಿಯದು, ಮಂದೆ ಅದರ ಹಿಂದೆ ಹೋಯಿತು.

ಅವನು ತಿರುಗಿ ಬರುವಾಗ ತಲೆ, ಹುಬ್ಬು, ಮೀಸೆ ಎಲ್ಲ ಧೂಳಿನಿಂದ ಬೆಳ್ಳಗಾಗಿದ್ದವು. ಮುದುಕಿ ಕೋಲೂರಿಕೊಂಡು ನಮ್ಮ ಹಿಂದೆಯೇ ಸೇತುವೆಯವರೆಗೂ ಬಂದು ಕಲ್ಲಿನ ಮೇಲೆ ಕೂತಿದ್ದಳು.

"ಹೆಂಗೈತೋ ದೊಡ್ಡೋನೆ, ಹಿಂದಿನ ಜಾಗ?"

ಅವನು ಕೆಮ್ಮಿ ಮುಖ ಒರೆಸಿಕೊಂಡ. "ಧೂಳು ಬಾಳ ಐತವ್ವ. ಒಂದಿನನೂ ಹೇಳ್ಲಿಲ್ಲ ನೋಡು ನನ್ಮಗ."

"ಹೇಳಿದ್ದ. ನಿಂಗೆ ಮುಂದೆ ಕೇಳಿಸಿರಾಕಿಲ್ಲ."

ನಾಳೆಯಿಂದ ನೀಲಿ ಮಂದೆಯ ಹಿಂದೆ ತಾನೇ ನಡೆಯುವುದಾಗಿ ಅವಳು ಹೇಳಿದಳು. ಧರ್ಮಪುರದ ದಾರಿ ತನಗೆ ಅವನಿಗಿಂತ ಚೆನ್ನಾಗಿ ಗೊತ್ತು ಎಂದೂ ಸೇರಿಸಿದಳು. ಅಣ್ಣನ ಮುಖ ನೋಡಿದರೆ, ಅವನ ಮುಂದಾಳ್ತನದ ದಿನಗಳು ಅಲ್ಲಿಗೆ ಮುಗಿದ ಹಾಗಿತ್ತು.

ಕಿರಿಯವನು ಶುಕ್ರವಾರ ಸಂಜೆ ಹೊತ್ತು ಮುಳುಗುವ ಮೊದಲೇ ತೋಟ ಮುಟ್ಟಿದ್ದ. ಮುಂದಿನ ವಾರ ಹೊಸದುರ್ಗದ ಬಸ್ಸಿನ ಕಂಡಕ್ಟರರ ಬಾಯಲ್ಲಿ ಹೇಳಿಕಳಿಸಿದ. ಈಗ ಯಾರೂ ಎಬ್ಬಿಸುವವರಿಲ್ಲ, ಆದರೂ ಅಣ್ಣ ಎಬ್ಬಿಸುತ್ತಿದ್ದ ಹೊತ್ತಿಗೇ ಎಚ್ಚರವಾಗುತ್ತದೆ, ಇದಕ್ಕೆ ಏನಾದರೂ ಔಷಧಿ ಇದೆಯೇ ಎಂದು ಡಾಕ್ಟರನ್ನು ಕೇಳಿ ಎಂದೂ ಹೇಳಿದ್ದನಂತೆ. ಇಲ್ಲ ಎಂದು ಹೇಳಿಕಳಿಸಿದೆ. ನಾನೂ ಹುಡುಕಿ ಬಿಟ್ಟವನು.

ಅಂದು ನಾವು ರಸ್ತೆಗೆ ಬಂದಾಗ ನಾಲ್ಕು ಗಂಟೆ. ಐದರ ಬಸ್ಸು ಐದೂ ನಲವತ್ತಕ್ಕೆ ಬಂತು. ದಾರಿಯುದ್ದಕ್ಕೂ ಸಾಬರು ನೀಲಿ ಕೆಂಪು ಹತ್ತಿದ ಕೈಗಳನ್ನು ಕಂಡಕ್ಟರನಿಗೆ ತೋರಿಸಿ, ಕಾಂಪೌಂಡರು ಸಾಹೇಬರು ಇವತ್ತು ಒಂದು ಸಂಸಾರ ಒಡೆದು ಮತ್ತೆ ಹೊಲಿದರು ಎಂದು ಕಥೆ ಹೇಳುತ್ತಿದ್ದರು. ಹೊಲಿದವರು ನಾವಲ್ಲ ಎಂದು ನಾನು ತಿದ್ದಿದೆ. ಆರೂವರೆಗೆ ಆಸ್ಪತ್ರೆ ತಲುಪಿದೆವು. ಲಸಿಕೆ ಒಯ್ದಿದ್ದ, ಈಗ ಐಸು ಕರಗಿದ್ದ ಫ್ಲಾಸ್ಕನ್ನು ಸಾಬರು ತೊಳೆದು ಬೋರಲು ಹಾಕಿ ಮನೆಗೆ ಹೋದರು. ನಾನು ಸ್ಟೌ ಹಚ್ಚಿ ಸಿರಿಂಜು, ಸೂಜಿಗಳನ್ನು ಇಪ್ಪತ್ತು ನಿಮಿಷ ಕುದಿಸಿದೆ. ಅವು ಆರುವಷ್ಟರಲ್ಲಿ ರಿಜಿಸ್ಟರು ತೆರೆದೆ. ಆ ಮನೆಗೆ ಹಿಂದಿನ ವರ್ಷಗಳಲ್ಲಿ ಒಂದೇ ಸಾಲು ಇತ್ತು. ಈ ಸಲ ಎರಡು ಸಾಲು ಬರೆದೆ, ಎರಡು ಹೆಸರು, ಎದುರಿಗೆ ಎಪ್ಪತ್ತಮೂರು, ಎಪ್ಪತ್ತಮೂರು. ಸೂಜಿಗಳನ್ನು ಒರೆಸಿ, ಒಂದೊಂದನ್ನೇ ಬೆಳಕಿಗೆ ಹಿಡಿದು ತುದಿ ಪರೀಕ್ಷಿಸಿ, ಮೊಂಡಾಗಿದ್ದ ಎರಡನ್ನು ಬೇರೆ ತೆಗೆದಿಟ್ಟು, ಉಳಿದವನ್ನು ಡಬ್ಬಿಗೆ ಹಾಕಿ ಮುಚ್ಚಿದೆ.